ಮನೆಯ ಬ್ರಾಡ್‌ಬ್ಯಾಂಡ್‌ಗೆ ಎಂಟಿಯು ಎಷ್ಟಿರಬೇಕು? ಅನುಭವವಿದ್ದವರು ತಿಳಿಸಿ

ಪ್ರಶ್ನೆ, ಸಾಗರದಿಂದ

ನಮ್ಮ ಮನೆಗೆ ಊರಿನ ಕೇಬಲ್ ಆಪರೇಟರ್ ಒಬ್ಬರ ಮೂಲಕ 100 ಎಂಬಿಪಿಎಸ್ ಫೈಬರ್ ಸಂಪರ್ಕ ಬಂದಿದೆ. ಅವರು ಕೊಟ್ಟ, ಫೈಬರ್ ಬಂದು ಸೇರುವ ಓಎನ್‌ಟಿ ಪೆಟ್ಟಿಗೆಯೇ ಪಿಪಿಪಿಒಇ (ಹೆಸರು, ಗುಪ್ತಪದ ಕೊಟ್ಟು ಆಪರೇಟರ್‌ಗೆ ಜೋಡಿಸಿಕೊಳ್ಳುವ ವಿಧಾನ) ಲಾಗಿನ್ ಮಾಡಿಕೊಳ್ಳುತ್ತದೆ. ಅದರ ಹಿಂದೆ ನಾವು ಕೊಂಡ ವೈಫೈ ರೌಟರ್ ಇದೆ. ಯೂಟ್ಯೂಬ್ ಎಲ್ಲಿಯೂ ತಡವರಿಸುವುದಿಲ್ಲ, ವೇಗದ ಪರೀಕ್ಷೆಯೂ ಪೂರ್ತಿ 100 ತೋರಿಸುತ್ತದೆ. ಆದರೆ ಕೆಲವು ತಾಣಗಳು ಅರ್ಧ ತೆರೆದು ನಿಂತುಬಿಡುತ್ತವೆ, ಕಚೇರಿಯ ವಿಪಿಎನ್ ಜೋಡಣೆಯಾದರೂ ದೊಡ್ಡ ಕಡತಗಳು ಅತ್ತ ಹೋಗುವುದಿಲ್ಲ. ರೌಟರ್‌ನಲ್ಲಿ ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, 1500 ಎಂದಿದೆ. ಒಬ್ಬರು ಅದನ್ನು 1400 ಮಾಡಿ ಎನ್ನುತ್ತಾರೆ, ಇನ್ನೊಬ್ಬರು 1478 ಎನ್ನುತ್ತಾರೆ, ಆನ್‌ಲೈನ್ ಆಟವಾಡುವ ಮಗನ ಸ್ನೇಹಿತರು 576 ಇಟ್ಟರೆ ವೇಗ ಹೆಚ್ಚುತ್ತದೆ ಎನ್ನುತ್ತಾರೆ. ಇವುಗಳಲ್ಲಿ ಯಾವುದು ಸರಿ?

ಉತ್ತರ, ಮೈಸೂರಿನಿಂದ

ಸರ್, ಎಂಟಿಯು ಬದಲಿಸಿ ವೇಗ ಹೆಚ್ಚಿಸಿಕೊಳ್ಳಬಹುದೆಂಬ ನಿರೀಕ್ಷೆಯನ್ನು ಮೊದಲು ಬಿಟ್ಟುಬಿಡಿ. 1500ಕ್ಕೂ 1492ಕ್ಕೂ ಇರುವ ಅಂತರ ಶೇಕಡಾ ಅರ್ಧದಷ್ಟು ಮಾತ್ರ. ನೀವು ಹೇಳುತ್ತಿರುವ ಲಕ್ಷಣಗಳು ವೇಗದವಲ್ಲ. ದಾರಿಯಲ್ಲಿ ದೊಡ್ಡ ಪ್ಯಾಕೆಟ್‌ಗಳು ಸದ್ದಿಲ್ಲದೆ ಕಳೆದುಹೋಗುತ್ತಿರುವುದರ ಲಕ್ಷಣಗಳು.

ಈಥರ್ನೆಟ್ ಒಂದು ಸಲಕ್ಕೆ 1500 ಬೈಟ್ ಹೊರುತ್ತದೆ. 1999ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 2516 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆ ವಿವರಿಸುವ ಪಿಪಿಪಿಒಇ ವಿಧಾನದಲ್ಲಿ ಆ ಜಾಗದಿಂದಲೇ ಪಿಪಿಪಿಒಇ ಹೆಡರ್‌ಗೆ (ಪ್ಯಾಕೆಟ್‌ನ ಮುಂದೆ ಸೇರುವ ವಿವರಕ್ಕೆ) ಆರು ಬೈಟ್, ಪಿಪಿಪಿಗೆ ಎರಡು ಬೈಟ್ ಖರ್ಚಾಗುವುದರಿಂದ ನಮಗೆ ಉಳಿಯುವುದು 1492. ಬಿಎಸ್‌ಎನ್‌ಎಲ್‌ನ ಮನೆಬಳಕೆಯ ಫೈಬರ್‌ನಲ್ಲೂ ಸಾಮಾನ್ಯವಾಗಿ ಇದೇ ಪಿಪಿಪಿಒಇ ಇರುವುದರಿಂದ, ನಮ್ಮ ಕಡೆ 1492 ಎಂಬ ಸಂಖ್ಯೆ ಅಷ್ಟು ಪರಿಚಿತ.

ಇನ್ನು ತಾಣಗಳು ಅರ್ಧಕ್ಕೆ ನಿಲ್ಲುವುದೇಕೆ ಎಂಬ ಪ್ರಶ್ನೆ. ತಾಣಗಳು ಬಳಸುವ ಟಿಸಿಪಿ ಎಂಬ ಸಾಗಣೆ ವಿಧಾನದ ಜೋಡಣೆ ಆರಂಭವಾಗುವಾಗ ನಿಮ್ಮ ಕಂಪ್ಯೂಟರ್ ತನ್ನ ಎಂಟಿಯು 1500 ಎಂದು ನಂಬಿರುವುದರಿಂದ, ಐಪಿಯ 20 ಮತ್ತು ಟಿಸಿಪಿಯ 20 ಬೈಟ್ ಕಳೆದು, ಒಂದು ತುಣುಕಿನಲ್ಲಿ 1460 ಬೈಟ್‌ವರೆಗೆ ಕಳಿಸಬಹುದೆಂದು ಎದುರಿನ ಸರ್ವರ್‌ಗೆ ತಿಳಿಸುತ್ತದೆ. ಈ ಮೊತ್ತಕ್ಕೆ ಎಂಎಸ್‌ಎಸ್ ಎಂದು ಹೆಸರು. ಸರ್ವರ್ ಅದನ್ನು ನಂಬಿ 1500 ಬೈಟ್‌ನ ಪ್ಯಾಕೆಟ್ ಕಳಿಸುತ್ತದೆ. ಪಿಪಿಪಿಒಇ ಶುರುವಾಗುವ ಕಡೆ ಅದು ಹಿಡಿಸದೆ ಬಿದ್ದುಹೋಗುತ್ತದೆ. ಹಾಗೆ ಬಿದ್ದಾಗ ‘ಗಾತ್ರ ಇಳಿಸು’ ಎಂಬ ಐಸಿಎಂಪಿ (ಜಾಲದ ದೋಷಗಳನ್ನು ತಿಳಿಸುವ ವಿಧಾನ) ಸಂದೇಶ ಸರ್ವರ್‌ಗೆ ಮರಳಬೇಕೆಂದು 1990ರ ಆರ್‌ಎಫ್‌ಸಿ 1191 ಹೇಳುತ್ತದೆ, ಆದರೆ ಎಷ್ಟೋ ಫೈರ್‌ವಾಲ್‌ಗಳು ಐಸಿಎಂಪಿಯನ್ನು ಸಾರಾಸಗಟಾಗಿ ತಡೆಯುವುದರಿಂದ ಆ ಸಂದೇಶ ತಲುಪುವುದಿಲ್ಲ. ಸರ್ವರ್ ಅದೇ ದೊಡ್ಡ ಪ್ಯಾಕೆಟನ್ನು ಮತ್ತೆ ಮತ್ತೆ ಕಳಿಸುತ್ತಾ ಕೂರುತ್ತದೆ, ನೀವು ಬಿಳಿಯ ಪುಟವನ್ನು ನೋಡುತ್ತಾ ಕೂರುತ್ತೀರಿ.

ಯೂಟ್ಯೂಬ್ ಪಾರಾಗುವುದಕ್ಕೂ ಕಾರಣವಿದೆ. ಅದು ಹೆಚ್ಚಾಗಿ ಕ್ವಿಕ್ ಎಂಬ ವಿಧಾನದಲ್ಲಿ ಬರುತ್ತದೆ. ದಾರಿ 1200 ಬೈಟ್‌ನ ಯುಡಿಪಿ (ಟಿಸಿಪಿಯಿಂದ ಬೇರೆಯಾದ ಸಾಗಣೆ ವಿಧಾನ) ಹೊರೆಯನ್ನು ಹೊತ್ತರೆ ಸಾಕು, ಕ್ವಿಕ್ ನಡೆಯುತ್ತದೆ. ಅದಕ್ಕಿಂತ ಮೇಲಿನ ಗಾತ್ರವನ್ನು ಅದು ತಾನೇ ಪರೀಕ್ಷಿಸಿ ನೋಡಿದ ಮೇಲಷ್ಟೇ ಬಳಸುತ್ತದೆ. ವೇಗ ಪರೀಕ್ಷೆಯ ಸರ್ವರ್ ಬಹಳ ಸಲ ಆಪರೇಟರ್‌ನ ಸಮೀಪದಲ್ಲೇ ಇರುತ್ತದೆ. ಹಾಗಾಗಿ ಇವೆರಡೂ ಸರಿಯಿವೆ ಎಂಬುದರಿಂದ ಲೈನ್ ಸರಿಯಿದೆ ಎಂದು ತೀರ್ಮಾನಿಸಲಾಗದು.

ಉತ್ತರ, ಬೆಂಗಳೂರಿನಿಂದ

ಮೈಸೂರಿನವರು ಹೇಳಿದ್ದಕ್ಕೆ ಅಳೆಯುವ ಕ್ರಮವನ್ನು ಸೇರಿಸುತ್ತೇನೆ. ನಾನು ಮನೆಯಿಂದಲೇ ಕಚೇರಿ ಕೆಲಸ ಮಾಡುವವಳಾದ್ದರಿಂದ ಇದನ್ನು ಕಲಿಯದೆ ವಿಧಿಯಿರಲಿಲ್ಲ.

ವೈಫೈ ಬಿಟ್ಟು ಕೇಬಲ್ ಮೂಲಕ ರೌಟರ್‌ಗೆ ಜೋಡಿಸಿ, ವಿಪಿಎನ್ ನಿಲ್ಲಿಸಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪಿಂಗ್ -ಎಫ್ -ಎಲ್ 1472 1.1.1.1’ ಎಂಬ ಆಜ್ಞೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಿ. ಪಿಂಗ್ ಆ ವಿಳಾಸಕ್ಕೆ ಪರೀಕ್ಷೆಯ ಪ್ಯಾಕೆಟ್ ಕಳಿಸಿ ಉತ್ತರ ಬರುತ್ತದೆಯೇ ಎಂದು ನೋಡುತ್ತದೆ. ಇಲ್ಲಿ ‘ಎಫ್’ ಎಂದರೆ ದಾರಿಯಲ್ಲಿ ಯಾರೂ ಪ್ಯಾಕೆಟ್ ಒಡೆಯಬಾರದೆಂಬ ಸೂಚನೆ, ‘ಎಲ್’ ಎಂದರೆ ಹೊರೆಯ ಗಾತ್ರ. ಲಿನಕ್ಸ್‌ನಲ್ಲಿ ಅದೇ ಕೆಲಸಕ್ಕೆ ‘-ಎಂ ಡು -ಎಸ್ 1472’, ಮ್ಯಾಕ್‌ನಲ್ಲಿ ‘-ಡಿ -ಎಸ್ 1472’. ಎಂ ಮತ್ತು ಡಿ ದೊಡ್ಡಕ್ಷರ, ಎಸ್ ಚಿಕ್ಕಕ್ಷರ. ಈ ಹೊರೆಯ ಮೇಲೆ ಐಪಿ ಹೆಡರ್‌ನ 20, ಐಸಿಎಂಪಿ ಹೆಡರ್‌ನ 8, ಒಟ್ಟು 28 ಬೈಟ್ ಕೂಡುತ್ತದೆ. ಆದ್ದರಿಂದ 1472 ದಾಟಿದರೆ ದಾರಿ 1500ರದ್ದು, 1464ಕ್ಕೆ ನಿಂತರೆ 1492ರದ್ದು. ದಾಟದಿದ್ದರೆ ಇಳಿಸುತ್ತಾ ಹೋಗಿ, ದಾಟುವ ಅತಿ ದೊಡ್ಡ ಸಂಖ್ಯೆಗೆ 28 ಕೂಡಿಸಿ. ಅದೇ ನಿಮ್ಮ ಎಂಟಿಯು. ಮೈಕ್ರೊಟಿಕ್ ರೌಟರ್‌ನ ಒಳಗಿಂದಲೇ ಪಿಂಗ್ ಮಾಡುವವರು ಮಾತ್ರ 28 ಕೂಡಿಸಬಾರದು, ಏಕೆಂದರೆ ಅಲ್ಲಿ ಕೊಡುವ ಗಾತ್ರದಲ್ಲಿ ಹೆಡರ್‌ಗಳೂ ಸೇರಿರುತ್ತವೆ.

ಫಲಿತಾಂಶ ಓದುವಾಗ ಒಂದು ಎಚ್ಚರಿಕೆ ಬೇಕು. ‘ಪ್ಯಾಕೆಟ್ ಒಡೆಯಬೇಕಾಗಿದೆ’ ಎಂಬ ಉತ್ತರ ಬರುವುದೂ ಏನೂ ಉತ್ತರ ಬಾರದೆ ಸಮಯ ಮೀರುವುದೂ ಬೇರೆ ಬೇರೆ ಸಂಗತಿಗಳು. ಮೊದಲನೆಯದರಲ್ಲಿ ದಾರಿಯ ಯಾವುದೋ ಸಾಧನ ತನ್ನ ಮಿತಿಯನ್ನು ಪ್ರಾಮಾಣಿಕವಾಗಿ ಹೇಳುತ್ತಿದೆ. ಎರಡನೆಯದರಲ್ಲಿ ಪ್ಯಾಕೆಟ್ ನುಂಗಿಹೋಗಿದೆ, ಅಥವಾ ಎದುರಿನ ಸರ್ವರ್ ದೊಡ್ಡ ಪಿಂಗ್‌ಗೆ ಉತ್ತರಿಸುತ್ತಿಲ್ಲ. ಈ ಸಂಶಯ ನಿವಾರಣೆಗೆ ಬೇರೆ ಬೇರೆ ವಿಳಾಸಗಳಿಗೆ ಪರೀಕ್ಷಿಸಿ.

ವಿಪಿಎನ್ ವಿಷಯ: ನಾನು ಬಳಸುವ ವೈರ್‌ಗಾರ್ಡ್‌ನ ಸಾಮಾನ್ಯ ಎಂಟಿಯು 1420. ಅದು ಹೊರಗಿನ ಐಪಿವಿ4 (ಹಳೆಯ ವಿಳಾಸ ಪದ್ಧತಿ) ದಾರಿಯಲ್ಲಿ 60 ಬೈಟ್, ಐಪಿವಿ6 (ಹೊಸ ಪದ್ಧತಿ) ದಾರಿಯಲ್ಲಿ 80 ಬೈಟ್ ತನಗೆ ತೆಗೆದುಕೊಳ್ಳುತ್ತದೆ. 1492ರ ಲೈನಿನಲ್ಲಿ ಐಪಿವಿ4 ಮೂಲಕ ಹೋದರೆ 1432ರವರೆಗೆ ಹಿಡಿಸುತ್ತದೆ, ತೊಂದರೆಯಿಲ್ಲ. ಐಪಿವಿ6 ಮೂಲಕ ಹೋದರೆ 1412 ಮಾತ್ರ, ಅಂದರೆ ಎಂಟು ಬೈಟ್ ಕೊರತೆ. ನನ್ನ ಮನೆಯಲ್ಲಿ ಐಪಿವಿ6 ಬಂದ ಮೇಲೆ ಕಚೇರಿಯ ಕಡತಗಳು ನಿಂತದ್ದು ಇದರಿಂದಲೇ. ವೈರ್‌ಗಾರ್ಡ್‌ನಲ್ಲಿ 1412 ಎಂದು ಬರೆದ ಮೇಲೆ ಆ ತೊಡಕು ಮರುಕಳಿಸಿಲ್ಲ.

ಉತ್ತರ, ಮಂಗಳೂರಿನಿಂದ

ಹಳೆಯ ಸಂಖ್ಯೆಗಳ ಮೂಲವನ್ನಷ್ಟೇ ಹೇಳುತ್ತೇನೆ, ಏಕೆಂದರೆ ಹೊಸಬರು ಅವುಗಳನ್ನು ಮಂತ್ರದಂತೆ ನಕಲು ಮಾಡುವುದು ಇನ್ನೂ ನಿಂತಿಲ್ಲ. 1478 ತಾಮ್ರದ ತಂತಿಯ ಎಡಿಎಸ್‌ಎಲ್ ಕಾಲದ್ದು. ಅಲ್ಲಿ ದತ್ತಾಂಶ ಎಟಿಎಂ ಕೋಶಗಳಲ್ಲಿ ಹೋಗುತ್ತಿತ್ತು. ಪ್ರತಿ ಕೋಶ 53 ಬೈಟ್, ಅದರಲ್ಲಿ ಹೊರೆ 48. ಪಿಪಿಪಿಯನ್ನು ನೇರವಾಗಿ ಎಟಿಎಂ ಮೇಲೆ ಕಳಿಸುವ ಪಿಪಿಪಿಒಎ ಲೈನಿನಲ್ಲಿ 1478ಕ್ಕೆ ಪಿಪಿಪಿಯ 2, ಕೊನೆಯಲ್ಲಿ ಸೇರುವ 8 ಬೈಟ್ ಕೂಡಿದರೆ 1488, ಅಂದರೆ ಸರಿಯಾಗಿ 31 ಕೋಶ; 1500 ಇಟ್ಟರೆ 32ನೆಯ ಕೋಶದ ಅರ್ಧಕ್ಕಿಂತ ಹೆಚ್ಚು ಭಾಗ ಖಾಲಿ ಹೋಗುತ್ತಿತ್ತು. ಲೆಕ್ಕ ಅಚ್ಚುಕಟ್ಟಾಗಿತ್ತು, ಆದರೆ ಇಂದಿನ ಜಿಪಾನ್ ಫೈಬರ್‌ನಲ್ಲಿ ಎಟಿಎಂ ಕೋಶಗಳೇ ಇಲ್ಲದಿರುವುದರಿಂದ ಅದಕ್ಕೆ ಅರ್ಥವಿಲ್ಲ. 576 ಡಯಲ್‌ಅಪ್ ಮೋಡೆಮ್ ಕಾಲದ್ದು. ಇಂದು ಅದನ್ನಿಟ್ಟರೆ ಪ್ರತಿ ಪ್ಯಾಕೆಟ್‌ನಲ್ಲಿ ಉಪಯೋಗಕ್ಕೆ ಬರುವುದು 536 ಬೈಟ್; ಹೆಡರ್‌ಗೆ ಹೋಗುವ ಪಾಲು ಶೇಕಡಾ 3ರ ಆಸುಪಾಸಿನಿಂದ 7ಕ್ಕೆ ಏರುತ್ತದೆ, ಪ್ಯಾಕೆಟ್‌ಗಳ ಸಂಖ್ಯೆ ಸುಮಾರು ಮೂರು ಪಟ್ಟಾಗುತ್ತದೆ. ಆಟಗಳು ಕಳಿಸುವ ಪ್ಯಾಕೆಟ್‌ಗಳು ಸಾಮಾನ್ಯವಾಗಿ ಮೊದಲೇ ಚಿಕ್ಕವು, ಮಗನ ಸ್ನೇಹಿತರಿಗೆ ಇದರಿಂದ ಲಾಭವೇನೂ ಇಲ್ಲ. ಸಾಲದ್ದಕ್ಕೆ, ಐಪಿವಿ6 ನಡೆಯಬೇಕಾದರೆ ಲೈನಿನಲ್ಲಿ ಕನಿಷ್ಠ 1280 ಬೇಕು.

ಪ್ರಶ್ನೆ ಕೇಳಿದವರು, ಸಾಗರದಿಂದ

ಹೇಳಿದಂತೆ ಅಳೆದು ನೋಡಿದೆ. 1452ರವರೆಗೆ ಎಲ್ಲವೂ ದಾಟುತ್ತದೆ. 1453ರಿಂದ 1464ರವರೆಗೆ ಯಾವ ವಿಳಾಸಕ್ಕೆ ಕಳಿಸಿದರೂ ಉತ್ತರವೇ ಇಲ್ಲ. 1465ಕ್ಕೆ ಏರಿಸಿದರೆ ಮಾತ್ರ ಪ್ಯಾಕೆಟ್ ಒಡೆಯಬೇಕೆಂಬ ಸಂದೇಶ ಓಎನ್‌ಟಿಯ ವಿಳಾಸದಿಂದ ಬರುತ್ತದೆ. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಉತ್ತರ, ಮೈಸೂರಿನಿಂದ

ಇದಕ್ಕಿಂತ ಸ್ಪಷ್ಟವಾದ ಸುಳಿವು ಸಿಗುವುದಿಲ್ಲ. ಓಎನ್‌ಟಿ ತನ್ನ ದಾರಿ 1492 ಎಂದು ನಂಬಿದೆ, ಆದ್ದರಿಂದಲೇ ಅದಕ್ಕಿಂತ ದೊಡ್ಡದನ್ನು ಹೇಳಿ ತಿರಸ್ಕರಿಸುತ್ತದೆ. ಆದರೆ ಅದರಾಚೆ ನಿಜವಾಗಿ ಹಿಡಿಸುವುದು 1452ಕ್ಕೆ 28 ಕೂಡಿಸಿದ 1480 ಮಾತ್ರ. ನಡುವಿನ ಹನ್ನೆರಡು ಬೈಟ್‌ನ ಅಂತರದಲ್ಲಿ ಬೀಳುವ ಪ್ಯಾಕೆಟ್‌ಗಳೇ ನಿಮ್ಮ ತೊಂದರೆಯ ಮೂಲ. ಚಿಕ್ಕ ಆಪರೇಟರ್‌ಗಳ ಪಿಪಿಪಿಒಇ ಲೈನುಗಳಲ್ಲಿ 1480 ಅಪರೂಪವೇನಲ್ಲ. ರೌಟರ್‌ನಲ್ಲಿ 1492 ಇಟ್ಟಿದ್ದರೂ ನಿಮಗೆ ಏನೂ ಬದಲಾಗುತ್ತಿರಲಿಲ್ಲ, ಅಳೆಯದೆ ಸಂಖ್ಯೆ ಹಾಕುವುದನ್ನು ನಾನು ಒಪ್ಪದಿರುವುದು ಇದಕ್ಕೇ. 1400 ಇಟ್ಟಿದ್ದರೆ ಕೆಲಸವೇನೋ ನಡೆಯುತ್ತಿತ್ತು, ಆದರೆ ಕಾರಣ ತಿಳಿಯುತ್ತಿರಲಿಲ್ಲ.

ನಿಮ್ಮ ರೌಟರ್‌ನ ವ್ಯಾನ್ (ಹೊರಗಿನ ಸಂಪರ್ಕದ) ಪುಟದಲ್ಲಿ 1480 ಬರೆಯಿರಿ. ಪ್ರತಿ ಕಂಪ್ಯೂಟರ್‌ನಲ್ಲೂ ಬದಲಿಸುವ ಗೋಜಿಗೆ ಹೋಗಬೇಡಿ. ಫೋನು, ಟಿವಿಗಳಲ್ಲಿ ಅದು ಸಾಧ್ಯವೂ ಇಲ್ಲ. ಬದಲಿಗೆ ಎಂಎಸ್‌ಎಸ್ ಕ್ಲ್ಯಾಂಪಿಂಗ್ ಎಂಬ ಆಯ್ಕೆ ರೌಟರ್‌ನಲ್ಲಿದ್ದರೆ ಅದನ್ನು ಚಾಲೂ ಮಾಡಿ. ಮನೆಯ ಸಾಧನ 1460 ಎಂದು ಸಾರಿದರೂ ರೌಟರ್ ಅದನ್ನು ದಾರಿಯಲ್ಲೇ 1440 ಎಂದು ತಿದ್ದಿ ಕಳಿಸುವುದರಿಂದ ಸರ್ವರ್ ಮೊದಲಿನಿಂದಲೇ ಹಿಡಿಸುವಷ್ಟನ್ನೇ ಕಳಿಸುತ್ತದೆ. ಕ್ಲ್ಯಾಂಪಿಂಗ್ ಟಿಸಿಪಿಗೆ ಮಾತ್ರ ಅನ್ವಯಿಸುತ್ತದೆ. ಯುಡಿಪಿ ಬಳಸುವ ವಿಪಿಎನ್ ಆಗಿದ್ದರೆ 1480 ಎಂಬ ಅಳತೆಯನ್ನು ಕಚೇರಿಯ ಐಟಿ ವಿಭಾಗಕ್ಕೆ ತಿಳಿಸಿ, ಒಳಗಿನ ಎಂಟಿಯುವನ್ನು ಅವರೇ ಇಳಿಸಿಕೊಡುತ್ತಾರೆ.

ಆಪರೇಟರ್‌ಗೂ ದೂರು ಕೊಡಿ, ಆದರೆ ‘ನೆಟ್ ನಿಧಾನ’ ಎನ್ನಬೇಡಿ. ಹಾಗೆಂದರೆ ಓಎನ್‌ಟಿ ಆರಿಸಿ ಹಾಕಿ ಎಂಬ ಉತ್ತರ ಬರುತ್ತದೆ. ‘ಓಎನ್‌ಟಿಯ ಪಿಪಿಪಿಒಇ ಎಂಟಿಯು 1492 ಇದೆ, ನಿಮ್ಮ ಕಡೆ 1480ಕ್ಕಿಂತ ದೊಡ್ಡದು ದಾಟುತ್ತಿಲ್ಲ’ ಎಂದು ಈ ಮೂರು ಅಳತೆಗಳೊಂದಿಗೆ ಬರೆದು ಕಳಿಸಿ. ಅವರು ಸರಿಪಡಿಸಿದರೆ, ಅಥವಾ ಓಎನ್‌ಟಿಯನ್ನೇ ಬದಲಿಸಿಕೊಟ್ಟರೆ, ಮತ್ತೊಮ್ಮೆ ಅಳೆದು ರೌಟರ್‌ನ ಸಂಖ್ಯೆಯನ್ನು ಅದಕ್ಕೆ ತಕ್ಕಂತೆ ಏರಿಸಿಕೊಳ್ಳಬಹುದು.