‘ಸ್ಟೋನ್‌ವಾಲ್’ ಜಾಕ್ಸನ್: ಅಡ್ಡಹೆಸರಿನ ಮೂಲವನ್ನು ಯುದ್ಧಕಾಲದ ದಿನಚರಿಗಳಲ್ಲಿ ಹುಡುಕುವುದು ಹೇಗೆ?

ಪ್ರಶ್ನೆ
ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಪರ ಹೋರಾಡಿದ ಜನರಲ್ ಥಾಮಸ್ ಜಾಕ್ಸನ್ ಅವರಿಗೆ ‘ಸ್ಟೋನ್‌ವಾಲ್’ ಎಂಬ ಅಡ್ಡಹೆಸರು 1861ರ ಜುಲೈ 21ರ ಮೊದಲ ಬುಲ್ ರನ್ ಕದನದಲ್ಲಿ ಬಂದಿತೆಂಬುದು ರೂಢಿಯ ಕಥೆ. ಹೆನ್ರಿ ಹೌಸ್ ದಿಬ್ಬದ ಬಳಿ ಜನರಲ್ ಬರ್ನಾರ್ಡ್ ಬೀ ಚದುರುತ್ತಿದ್ದ ತಮ್ಮ ಸೈನಿಕರಿಗೆ, ಜಾಕ್ಸನ್ ಕಲ್ಲುಗೋಡೆಯಂತೆ ನಿಂತಿರುವುದನ್ನು ತೋರಿಸಿದರಂತೆ. ಇದನ್ನು ಆ ಕಾಲದ ಬರಹಗಳಿಂದಲೇ ಪರಿಶೀಲಿಸಬೇಕೆಂದಿದ್ದೇನೆ. ಯುದ್ಧಕಾಲದಲ್ಲಿ ದಿನಚರಿ ಬರೆದ ದಕ್ಷಿಣದ ಮಹಿಳೆ ಮೇರಿ ಚೆಸ್ನಟ್ ಅವರ ದಿನಚರಿಯಿಂದ ಆರಂಭಿಸಬಹುದೇ?

ಉತ್ತರ 1
ಓದಬಹುದು, ಆದರೆ ಎಚ್ಚರಿಕೆಯಿಂದ ಓದಬೇಕು. ಚೆಸ್ನಟ್ ಅವರು ಯುದ್ಧಕಾಲದಲ್ಲಿ ಬರೆದಿಟ್ಟ ಟಿಪ್ಪಣಿಗಳನ್ನು 1880ರ ದಶಕದಲ್ಲಿ ಬಹಳಷ್ಟು ವಿಸ್ತರಿಸಿ ತಿದ್ದಿ ಬರೆದರು. 1905ರಲ್ಲಿ ಅಚ್ಚಾದದ್ದು ಹೀಗೆ ತಿದ್ದಿದ ಬರಹವೇ. ಆದ್ದರಿಂದ ಪುಟದ ಮೇಲೆ 1861 ಎಂದಿದ್ದರೂ, ಆ ವಾಕ್ಯ ಜಾಕ್ಸನ್ ಅವರ ಹೆಸರು ದೇಶವಿಡೀ ಹಬ್ಬಿದ ಮೇಲೆ ಸೇರಿದ್ದಾಗಿರಬಹುದು. ಯುದ್ಧಕಾಲದ ಮೂಲ ಟಿಪ್ಪಣಿಗಳು 1984ರಲ್ಲಿ ಪ್ರತ್ಯೇಕವಾಗಿ ಪ್ರಕಟವಾಗಿವೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸದೆ ಯಾವ ತೀರ್ಮಾನಕ್ಕೂ ಬರಬೇಡಿ. ಜೆಡೆಡಾಯಾ ಹಾಚ್‌ಕಿಸ್ ಅವರ ದಿನಚರಿ ಅಮೂಲ್ಯವಾದದ್ದೇ, ಆದರೆ ನಕ್ಷೆಗಾರರಾಗಿ ಅವರು ಜಾಕ್ಸನ್ ಅವರನ್ನು ಸೇರಿದ್ದು 1862ರ ಮಾರ್ಚ್‌ನಲ್ಲಿ. ಹೆಸರು ಪಾಳೆಯದಲ್ಲಿ ಹೇಗೆ ಬಳಕೆಯಲ್ಲಿತ್ತು ಎಂಬುದಕ್ಕೆ ಅವರು ಸಾಕ್ಷಿಯಾಗಬಲ್ಲರು, ಹುಟ್ಟಿಗಲ್ಲ.

ಉತ್ತರ 2
ದಿನಚರಿಗಳಿಗಿಂತ ಮೊದಲು ಪತ್ರಿಕೆಯನ್ನು ನೋಡಿ. ಕದನ ನಡೆದ ನಾಲ್ಕೇ ದಿನಗಳಲ್ಲಿ, ಜುಲೈ 25ರ ‘ಚಾರ್ಲ್ಸ್‌ಟನ್ ಮರ್ಕ್ಯುರಿ’ಯಲ್ಲಿ ಬೀ ಅವರ ಮಾತು ಅಚ್ಚಾಗಿತ್ತು. ಹೀಗಾಗಿ ಕಥೆಯನ್ನು ಯುದ್ಧ ಮುಗಿದ ಮೇಲೆ ಕಟ್ಟಿದರೆನ್ನಲು ಬರುವುದಿಲ್ಲ. ಆದರೆ ಮಾರಣಾಂತಿಕವಾಗಿ ಗಾಯಗೊಂಡ ಬೀ ಮರುದಿನವೇ ತೀರಿಕೊಂಡರು, ಕದನದ ವರದಿಯನ್ನು ಬರೆಯಲಿಲ್ಲ. ಬೀ ಅದನ್ನು ಮೆಚ್ಚಿ ಹೇಳಲಿಲ್ಲ, ತಮ್ಮ ನೆರವಿಗೆ ಬಾರದೆ ಜಾಕ್ಸನ್ ನಿಂತಲ್ಲೇ ನಿಂತರೆಂಬ ಸಿಟ್ಟಿನಿಂದ ಹೇಳಿದರು ಎಂಬ ವಾದವೂ ಇದೆ. ದಕ್ಷಿಣದ ಸೇನಾನಿ ಜನರಲ್ ಜಾನ್ಸ್‌ಟನ್ ಅವರ ಸಿಬ್ಬಂದಿಯಲ್ಲಿದ್ದ ಮೇಜರ್ ರೆಟ್ ಹಾಗೆ ಹೇಳುತ್ತಿದ್ದರೆಂಬುದು ಅದರ ಆಧಾರ. ನನಗೆ ಮರ್ಕ್ಯುರಿಯ ವರದಿಯೇ ಹೆಚ್ಚು ತೂಕದ್ದೆನಿಸುತ್ತದೆ, ಏಕೆಂದರೆ ಅದು ಘಟನೆಗೆ ಅಷ್ಟು ಸಮೀಪದ್ದು. ಆದರೂ ಅದು ಕೇಳಿ ಬರೆದ ವರದಿಯೆಂಬುದನ್ನು ಮರೆಯಬಾರದು.

ಪ್ರಶ್ನೆ ಕೇಳಿದವರಿಂದ
ಇಬ್ಬರಿಗೂ ಕೃತಜ್ಞತೆಗಳು. ಹಾಗಿದ್ದರೆ ಪ್ರತಿಯೊಂದು ಉಲ್ಲೇಖಕ್ಕೂ ಎರಡು ತಾರೀಖುಗಳನ್ನು ಗುರುತು ಮಾಡಿಕೊಳ್ಳುತ್ತೇನೆ: ಬರಹ ಹೇಳುವ ದಿನ ಒಂದು, ಅದನ್ನು ನಿಜವಾಗಿ ಬರೆದ ದಿನ ಇನ್ನೊಂದು. ಜಾಕ್ಸನ್ ಅವರೇ ಈ ಹೆಸರಿನ ಬಗ್ಗೆ ಏನೆನ್ನುತ್ತಿದ್ದರು?

ಉತ್ತರ 1
ಅದು ತಮ್ಮದಲ್ಲ, ತಮ್ಮ ಬ್ರಿಗೇಡಿನದು (ಹಲವು ರೆಜಿಮೆಂಟುಗಳ ಸೇನಾತುಕಡಿಯದು) ಎನ್ನುತ್ತಿದ್ದರು. ಅವರು 1863ರ ಮೇ 10ರಂದು ತೀರಿಕೊಂಡರು. ಅದೇ ತಿಂಗಳ 30ರಂದು ಆ ಬ್ರಿಗೇಡಿಗೆ ‘ಸ್ಟೋನ್‌ವಾಲ್’ ಎಂಬ ಹೆಸರು ಅಧಿಕೃತವಾಯಿತು. ಸೈನಿಕರ ಪತ್ರಗಳಲ್ಲಿ ಹುಡುಕುವಾಗ, ಆ ಹೆಸರು ಬ್ರಿಗೇಡನ್ನು ಸೂಚಿಸುತ್ತಿದೆಯೇ ಅಥವಾ ಸೇನಾನಿಯನ್ನೇ ಎಂಬುದನ್ನು ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳಿ.