ಸಹಾಯ ಬೇಕು: ಯುಎಸ್‌ಬಿ ಡಿಸ್ಕ್ ದಿಢೀರ್ ಕಳಚಿದಾಗ ಡ್ರೈವರ್ ಅಲ್ಲೇ ನಿಲ್ಲುತ್ತಿದೆ

ನಮಸ್ಕಾರ. ಸೋಮವಾರಪೇಟೆ ಕಡೆ ಕಾಫಿ ತೋಟದ ಮಳೆ ಲೆಕ್ಕ ಬರೆಯುವ ಪಿಸಿ, ವಿಂಡೋಸ್ 10. ಡಿಸ್ಕಿನ ಮೇಲೆ ನಮ್ಮದೇ ಡಬ್ಲ್ಯುಡಿಎಂ (ವಿಂಡೋಸ್ ಡ್ರೈವರ್ ಮಾಡೆಲ್) ಫಿಲ್ಟರ್ ಡ್ರೈವರ್, ಅಂದರೆ ಡಿಸ್ಕಿಗೆ ಹೋಗುವ ಕೋರಿಕೆಗಳನ್ನು ನಡುವೆ ನೋಡುವ ಡ್ರೈವರ್, ಇದೆ. ಪಿಸಿಗೆ ಯುಪಿಎಸ್ ಇದೆ, ಡಿಸ್ಕ್ ಸಿಕ್ಕಿಸಿದ ಯುಎಸ್‌ಬಿ ಹಬ್‌ಗೆ ಇಲ್ಲ. ಈ ಮಳೆಗಾಲದಲ್ಲಿ ಕರೆಂಟು ಒಮ್ಮೆ ಹೋಗಿ ಬಂದರೂ ಸಾಕು, ಡಿಸ್ಕ್ ಮಾಯ.

ಸರ್‌ಪ್ರೈಸ್ ರಿಮೂವಲ್ (ಡಿಸ್ಕ್ ದಿಢೀರ್ ಕಳಚಿತು ಎಂದು ವಿಂಡೋಸ್ ಕಳಿಸುವ ಸೂಚನೆ) ಬಂದಾಗ ಫ್ಲ್ಯಾಗ್ ಹಾಕಿ, ಸಕ್ಸೆಸ್ ಸ್ಟೇಟಸ್ ಇಟ್ಟು ಕೆಳಗಿನ ಡ್ರೈವರಿಗೆ ಕಳಿಸುತ್ತೇವೆ. ಡಿವೈಸ್ ಆಬ್ಜೆಕ್ಟ್ (ಆ ಡಿಸ್ಕಿಗೆಂದು ನಮ್ಮ ಡ್ರೈವರ್ ಮೆಮೊರಿಯಲ್ಲಿ ಇಟ್ಟುಕೊಂಡದ್ದು) ಮುಟ್ಟುವುದಿಲ್ಲ. ತೆರೆದ ಹ್ಯಾಂಡಲ್‌ಗಳೆಲ್ಲ ಮುಚ್ಚಿದ ಮೇಲೆ ರಿಮೂವ್ ಡಿವೈಸ್ (ಇನ್ನು ಎಲ್ಲ ತೆಗೆದುಹಾಕಿ ಎಂಬ ಸೂಚನೆ) ಬರುತ್ತದೆ. ಅಲ್ಲಿಯವರೆಗೂ ಸರಿ. ಅದನ್ನು ಕೆಳಗೆ ಕಳಿಸಿ ಐಒರಿಲೀಸ್‌ರಿಮೂವ್‌ಲಾಕ್‌ಆಂಡ್‌ವೇಟ್ (ಹಿಡಿದಿರುವ ರಿಮೂವ್ ಲಾಕ್‌ಗಳೆಲ್ಲ ಬಿಡುವವರೆಗೆ ಕಾಯುವ ಫಂಕ್ಷನ್) ಕರೆದರೆ ವಾಪಸ್ ಬರುವುದೇ ಇಲ್ಲ.

ಡೀಬಗ್ ಬಿಲ್ಡ್‌ನಲ್ಲಿ ಡೀಬಗರಿನ ರೆಮ್‌ಲಾಕ್ ಕಮಾಂಡ್ ತೋರಿಸುವ ಟ್ಯಾಗ್ (ಲಾಕ್ ಹಿಡಿದವರ ಗುರುತು), 10 ಸೆಕೆಂಡಿಗೊಮ್ಮೆ ಡಿಸ್ಕಿನ ಸ್ಥಿತಿ ಕೇಳಲು ಡ್ರೈವರೇ ಕಳಿಸುವ ಐಆರ್‌ಪಿಯದು (ಡ್ರೈವರ್‌ಗಳ ನಡುವೆ ಓಡಾಡುವ ಕೋರಿಕೆ). ಅದು ಫೇಲಾದರೆ ಲಾಕ್ ಹಿಡಿದುಕೊಂಡೇ ರೀಟ್ರೈ ಸರದಿಗೆ ಸೇರುತ್ತದೆ. ಸರ್‌ಪ್ರೈಸ್ ರಿಮೂವಲ್ ಆದ ಮೇಲೂ ಲಾಕ್ ಸಿಗುತ್ತಲೇ ಇರುತ್ತದಲ್ಲ, ಅದೇ ತೊಡಕು. ಕಂಪ್ಲೀಷನ್ ರುಟೀನಿಗೆ (ಕೋರಿಕೆ ಮುಗಿದಾಗ ಓಡುವ ಕೋಡ್) ಎರರ್, ಕ್ಯಾನ್ಸಲ್ ಆದಾಗಲೂ ಓಡಲಿ ಎಂದು ಎರಡಕ್ಕೂ ಟ್ರೂ ಕೊಟ್ಟಾಗಿದೆ, ತಪ್ಪು ಅಲ್ಲಿಲ್ಲ.

ಸರ್‌ಪ್ರೈಸ್ ರಿಮೂವಲ್ ಬರದೆ ನೇರವಾಗಿ ರಿಮೂವ್ ಡಿವೈಸ್ ಬರುವುದೂ ಉಂಟು. ಹಾಗಾದರೆ ಸರದಿಯನ್ನು ಎರಡೂ ಕಡೆ ಖಾಲಿ ಮಾಡಬೇಕೆ? ಫ್ಲ್ಯಾಗ್ ನೋಡುವುದು, ಸರದಿಗೆ ಸೇರಿಸುವುದು ಒಂದೇ ಸ್ಪಿನ್‌ಲಾಕ್ (ಒಮ್ಮೆಗೆ ಒಬ್ಬರನ್ನೇ ಒಳಬಿಡುವ ಬೀಗ) ಒಳಗಿದ್ದರೆ ಸಾಕೆ, ಆ 10 ಸೆಕೆಂಡಿನ ಟೈಮರನ್ನೂ ಮೊದಲೇ ನಿಲ್ಲಿಸಬೇಕೆ? ಇಂಥದ್ದನ್ನು ಬರೆದವರು ದಯವಿಟ್ಟು ತಿಳಿಸಿ.