ಸಹಾಯ ಬೇಕು: ಸಿಮೆಟ್ರಿಕ್ ಮ್ಯಾಟ್ರಿಕ್ಸ್ ಮಾಡಿದ ತಕ್ಷಣ ಉತ್ತರ ಯಾಕೆ ಬದಲಾಗುತ್ತೆ?

ಎಲ್ಲರಿಗೂ ನಮಸ್ಕಾರ, ನಾಲ್ಕು ದಿನದಿಂದ ಇದರಲ್ಲೇ ಸಿಕ್ಕಾಕೊಂಡಿದೀನಿ. 50×50 ಮ್ಯಾಟ್ರಿಕ್ಸ್‌ನಲ್ಲಿ 0, 1 ರ‍್ಯಾಂಡಮ್ ಆಗಿ ತುಂಬಿಸಿ ಡಿಟರ್ಮಿನೆಂಟ್ 3ರಿಂದ ಭಾಗ ಆಗದೇ ಇರೋದು ಎಷ್ಟು ಸಲ ಅಂತ ಕಂಪ್ಯೂಟರಲ್ಲಿ ಎಣಿಸಿದೆ, ಸುಮಾರು 0.56 ಬಂತು. 1 ಬರೋ ಸಾಧ್ಯತೆನ 1/4ಕ್ಕೆ ಇಳಿಸಿದ್ರೂ ಅದೇ 0.56! ಇದು ಕೊಹೆನ್-ಲೆನ್‌ಸ್ಟ್ರಾ (ರ‍್ಯಾಂಡಮ್ ಗ್ರೂಪ್‌ಗಳು ಎಷ್ಟೆಷ್ಟು ಸಲ ಬರ್ತವೆ ಅಂತ ಊಹೆ ಕೊಟ್ಟ ಇಬ್ಬರು ಗಣಿತಜ್ಞರು) ಹೇಳೋ (1−1/3)(1−1/9)(1−1/27)… ಗುಣಲಬ್ಧನೇ, ನೋಡಿ ತುಂಬಾ ಖುಷಿಯಾಯ್ತು. ಆದ್ರೆ ಮ್ಯಾಟ್ರಿಕ್ಸ್‌ನ ಸಿಮೆಟ್ರಿಕ್ (ಕರ್ಣದ ಎರಡೂ ಕಡೆ ಕನ್ನಡಿ ಥರ ಒಂದೇ ಸಂಖ್ಯೆ) ಮಾಡಿದ್ರೆ 0.64 ಆಗುತ್ತೆ. ಕೋಡ್ ತಪ್ಪೇನೋ ಅಂತ ಎರಡು ಸಲ ಹೊಸದಾಗಿ ಬರೆದೆ, ಅದೇ ಬಂತು.

ಮೊಮೆಂಟ್ ಲೆಕ್ಕನೂ ಮಾಡಿದೆ, ಅಂದ್ರೆ n×n ಮ್ಯಾಟ್ರಿಕ್ಸ್‌ನ ಕೋಕರ್ನಲ್‌ನಿಂದ (ℤⁿನಲ್ಲಿ ಮ್ಯಾಟ್ರಿಕ್ಸ್‌ನ ಕಾಲಮ್‌ಗಳನ್ನ ಸೊನ್ನೆ ಮಾಡಿದ್ರೆ ಉಳಿಯೋ ಗ್ರೂಪ್) ಒಂದು ಸೀಮಿತ ಗ್ರೂಪ್ Gಗೆ ಸರಾಸರಿ ಎಷ್ಟು ಸರ್ಜೆಕ್ಷನ್ (G ಪೂರ್ತಿ ತುಂಬೋ ಮ್ಯಾಪ್) ಇರುತ್ತೆ ಅಂತ. ℤⁿನಿಂದ G ಮೇಲೆ ಸರ್ಜೆಕ್ಷನ್‌ಗಳು ಹತ್ತಿರ ಹತ್ತಿರ |G|ⁿ ಇವೆ, ಒಂದೊಂದೂ ಕೋಕರ್ನಲ್‌ಗೆ ಇಳಿಯೋ ಸಾಧ್ಯತೆ |G|⁻ⁿ, ಅಲ್ಲಿಗೆ ಸರಾಸರಿ 1. ಇಲ್ಲಿವರೆಗೆ ಸರಿ. ಸಿಮೆಟ್ರಿಕ್‌ಗೆ ಮಾತ್ರ ಉತ್ತರ |∧²G| (Gನ ಎಕ್ಸ್‌ಟೀರಿಯರ್ ಸ್ಕ್ವೇರ್ ಅನ್ನೋ ಗ್ರೂಪ್‌ನ ಗಾತ್ರ) ಅಂತಾರೆ. G = ℤ/3 (3ರಿಂದ ಭಾಗಿಸಿದಾಗ ಬರೋ ಶೇಷಗಳ ಗ್ರೂಪ್) ಆದ್ರೆ ಅದೂ 1ನೇ, ವ್ಯತ್ಯಾಸನೇ ಇಲ್ಲ, (ℤ/3)² ತಗೊಂಡಾಗ 3 ಆಗ್ಬಿಡುತ್ತೆ. ನನ್ನ ಲೆಕ್ಕದಲ್ಲಿ ಆ 3 ಎಲ್ಲೂ ಹುಟ್ಟಲ್ಲ.

(ℤ/3)²ಗೆ ಬರೋ 2n ಷರತ್ತುಗಳಲ್ಲಿ ಸಿಮೆಟ್ರಿಯಿಂದ ಒಂದು ಷರತ್ತು ಪುಕ್ಕಟೆ ಸಿಗುತ್ತಾ? ಸಿಗೋದಾದ್ರೆ ಯಾವುದು, ಯಾಕೆ ಅಂತ ಯಾರಾದ್ರೂ ಬಿಡಿಸಿ ಹೇಳ್ತೀರಾ?